ಗಾಂಜಾ ಪ್ರಕರಣದಲ್ಲಿ ಮೊದಲ ಸಲ ಸಿಕ್ಕ ಹುಡುಗನಿಗೆ ಫೋರ್ಟಿನ ಒಂದು ವಕೀಲರ ಕಚೇರಿ ಕೊಟ್ಟ ಸೇವೆ

ಮುಂಬಯಿಯ ಫೋರ್ಟ್ ಭಾಗದಲ್ಲಿ, ಸೆಷನ್ಸ್ ನ್ಯಾಯಾಲಯದಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಕ್ರಿಮಿನಲ್ ಪ್ರಕರಣಗಳನ್ನು ಮಾತ್ರ ನಡೆಸುವ ಒಂದು ವಕೀಲರ ಕಚೇರಿಯಿದೆ. ಧಾರವಾಡದಿಂದ ಇಲ್ಲಿಗೆ ಓದಲು ಬಂದಿದ್ದ ನನ್ನ ಅಕ್ಕನ ಮಗ, ಅಂಧೇರಿಯ ಬಾಡಿಗೆ ಫ್ಲ್ಯಾಟಿನಲ್ಲಿ ಗೆಳೆಯರ ಜೊತೆ ಗಾಂಜಾ ಸೇದುತ್ತಿದ್ದಾಗ ಪೊಲೀಸರಿಗೆ ಸಿಕ್ಕಿಬಿದ್ದ ದಿನದಿಂದ ಪ್ರಕರಣ ಮುಗಿಯುವವರೆಗೂ ನಾವು ಆ ಕಚೇರಿಯ ಕಕ್ಷಿದಾರರಾಗಿದ್ದೆವು. ಅಲ್ಲಿನ ಸೇವೆಯಲ್ಲಿ ಮೆಚ್ಚತಕ್ಕದ್ದೂ ಇತ್ತು, ದೂರತಕ್ಕದ್ದೂ ಇತ್ತು. ಹುಡುಗನ ಭವಿಷ್ಯವನ್ನು ನೆನೆದು ಕಚೇರಿಯ ಹೆಸರನ್ನಾಗಲಿ ಅವನ ಹೆಸರನ್ನಾಗಲಿ ಬರೆಯುತ್ತಿಲ್ಲ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನವೆಂದು ಕೇಳಬಹುದು. ಇಂಥ ಸಂದರ್ಭದಲ್ಲಿ ವಕೀಲರಿಂದ ಯಾವ ಪ್ರಶ್ನೆಗೆ ಉತ್ತರ ಪಡೆಯಬೇಕು, ಯಾವ ಮಾತನ್ನು ಕೇಳಿ ಎದ್ದು ಬರಬೇಕು ಎಂಬುದು ಗೊತ್ತಿದ್ದರೆ ಯಾವ ಕಚೇರಿಗೆ ಹೋದರೂ ಹಣ ಸಾರ್ಥಕವಾಗುತ್ತದೆ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ನಮ್ಮವರ ಮನೆಗಳಲ್ಲಿ ಇಂಥ ಸುದ್ದಿ ಬಂದೊಡನೆ ಕನ್ನಡ ಸಂಘದಲ್ಲಿ ಯಾರಿಗಾದರೂ ಪೊಲೀಸ್ ಇಲಾಖೆಯಲ್ಲಿ ಗುರುತಿದೆಯೇ ಎಂದು ಹುಡುಕುವ ಅಭ್ಯಾಸವಿದೆಯೇ ಹೊರತು ಕಾಯಿದೆಯಲ್ಲಿ ಏನಿದೆ ಎಂದು ಕೇಳುವ ಅಭ್ಯಾಸ ಕಡಿಮೆ.

ಮೊದಲ ಸಮಾಲೋಚನೆಗೆ ಕಚೇರಿ 5,000 ರೂಪಾಯಿ ತೆಗೆದುಕೊಂಡಿತು, ಮತ್ತು ಆ ಹಣದಲ್ಲಿ ಒಂದು ರೂಪಾಯಿಯೂ ವ್ಯರ್ಥವಾಗಲಿಲ್ಲ. ಹಿರಿಯ ವಕೀಲರು ಹುಡುಗ ಒಳ್ಳೆಯವನೇ, ಮನೆತನ ಎಂಥದು, ಅಪ್ಪ ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ಹುಟ್ಟಿದ ದಿನಾಂಕ ಯಾವುದು, ಸಿಕ್ಕ ಮಾಲು ಯಾವುದು ಮತ್ತು ಎಷ್ಟು ತೂಕದ್ದು, ಎಫ್‌ಐಆರಿನಲ್ಲಿ ಯಾವ ಯಾವ ಕಲಂ ಬರೆದಿದ್ದಾರೆ ಎಂಬ ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿದರು. ಫೋನಿನ ಆ ತುದಿಯಲ್ಲಿದ್ದ ನನ್ನ ಅಕ್ಕ, "ಒಳಗ ಹಾಕತಾರೇನ್ರಿ? ಅಷ್ಟ ಹೇಳಿಬಿಡ್ರಿ" ಎಂದು ಅಳುತ್ತಿದ್ದಳು. ಈ ಮೂರಕ್ಕೆ ಉತ್ತರ ಸಿಗುವವರೆಗೆ ಅದನ್ನು ಹೇಳಲು ಬರುವುದಿಲ್ಲವೆಂದು ಅವರು ನೇರವಾಗಿ ಹೇಳಿದ್ದು ಆ ಗಳಿಗೆಯಲ್ಲಿ ಕಠೋರವೆನಿಸಿದರೂ, ಎನ್‌ಡಿಪಿಎಸ್ ಎಂಬ ಮಾದಕವಸ್ತು ನಿಯಂತ್ರಣ ಕಾಯಿದೆ ಕಟ್ಟಿಕೊಂಡಿರುವ ರೀತಿಯನ್ನು ನೋಡಿದರೆ ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ಇರಲಾರದು.

1985ರ ಈ ಕಾಯಿದೆಯಲ್ಲಿ ಶಿಕ್ಷೆಯ ಅಳತೆಯನ್ನು ಮೊದಲು ನಿರ್ಧರಿಸುವುದು ವಸ್ತುವಿನ ತೂಕ. ಆರೋಪಿಯ ನಡತೆಗೆ ಅದರ ನಂತರದ ಸ್ಥಾನ. ಗಾಂಜಾ 1 ಕಿಲೋದವರೆಗೆ ಇದ್ದರೆ ಅದು ಸಣ್ಣ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಚರಸ್ಸಿಗೆ ಈ ಗಡಿಗಳು 100 ಗ್ರಾಮ್ ಮತ್ತು 1 ಕಿಲೋ, ಹೆರಾಯಿನ್‌ಗೆ 5 ಗ್ರಾಮ್ ಮತ್ತು 250 ಗ್ರಾಮ್, ಕೊಕೇನಿಗೆ 2 ಗ್ರಾಮ್ ಮತ್ತು 100 ಗ್ರಾಮ್. ಮುಂಬಯಿಯ ಹುಡುಗರು ಎಂ.ಡಿ. ಎಂದು ಕರೆಯುವ ಮೆಫೆಡ್ರೋನಿಗೆ 2 ಗ್ರಾಮ್ ಮತ್ತು 50 ಗ್ರಾಮ್. ಪಾರ್ಟಿಗಳಲ್ಲಿ ಓಡಾಡುವ ಎಂಡಿಎಂಎ ಮಾತ್ರೆಗಳಿಗೆ ಅರ್ಧ ಗ್ರಾಮ್ ಮತ್ತು 10 ಗ್ರಾಮ್. ಸಣ್ಣ ಪ್ರಮಾಣಕ್ಕೆ ಗರಿಷ್ಠ ಒಂದು ವರ್ಷದ ಕಠಿಣ ಸಜೆ, ಅಥವಾ 10,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನಡುವಣ ಪ್ರಮಾಣಕ್ಕೆ ಹತ್ತು ವರ್ಷದವರೆಗೆ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ. ಇಲ್ಲಿ ಕನಿಷ್ಠ ಶಿಕ್ಷೆಯೆಂಬುದು ಇಲ್ಲವಾದ್ದರಿಂದ ವಯಸ್ಸು, ಮೊದಲ ತಪ್ಪು ಎಂಬ ವಾದಗಳಿಗೆ ನ್ಯಾಯಾಧೀಶರು ಬೆಲೆ ಕೊಡಲು ಅವಕಾಶವಿದೆ. ವಾಣಿಜ್ಯ ಪ್ರಮಾಣಕ್ಕೆ ಬಂದರೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ, ದಂಡ ಒಂದು ಲಕ್ಷದಿಂದ ಎರಡು ಲಕ್ಷ. ಆ ಹತ್ತು ವರ್ಷದ ಕೆಳಗೆ ಇಳಿಯಲು ಯಾವ ನ್ಯಾಯಾಧೀಶರಿಗೂ ಅಧಿಕಾರವಿಲ್ಲ. ಆರೋಪಿ ಹತ್ತೊಂಬತ್ತು ವರ್ಷದವನಾಗಿರಲಿ, ತರಗತಿಗೆ ಮೊದಲಿಗನಾಗಿರಲಿ, ಅದರಿಂದ ಕನಿಷ್ಠ ಶಿಕ್ಷೆ ಒಂದು ದಿನವೂ ಕಡಿಮೆಯಾಗದು.

ಇದರಲ್ಲಿ ತಂದೆತಾಯಿಗಳು ಗಮನಿಸದ ಒಂದು ಅಪಾಯವನ್ನು ಆ ವಕೀಲರು ತಾವಾಗಿಯೇ ವಿವರಿಸಿದರು. ಸುಪ್ರೀಂ ಕೋರ್ಟು 2020ರ ಹೀರಾ ಸಿಂಗ್ ಪ್ರಕರಣದಲ್ಲಿ, ಮಾದಕವಸ್ತುವಿನ ಜೊತೆ ಬೆರೆಸಿದ ಇತರ ಪದಾರ್ಥದ ತೂಕವನ್ನೂ ಸೇರಿಸಿಯೇ ಪ್ರಮಾಣವನ್ನು ಲೆಕ್ಕ ಹಾಕಬೇಕೆಂದು ಹೇಳಿದೆ. ಆದ್ದರಿಂದ ಮಾತ್ರೆಯಲ್ಲಿ ನಿಜವಾದ ಮಾದಕದ ಅಂಶ ಎಷ್ಟೇ ಇದ್ದರೂ ತಕ್ಕಡಿಗೆ ಏರುವುದು ಇಡೀ ಮಾತ್ರೆ. ಎಲ್‌ಎಸ್‌ಡಿಯ ವಾಣಿಜ್ಯ ಪ್ರಮಾಣ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ಮಾತ್ರ. ಅದರಲ್ಲಿ ಅದ್ದಿದ ಕಾಗದದ ಚೂರನ್ನೂ ತೂಗಿದರೆ, ಗೆಳೆಯರಿಗೆಲ್ಲ ಸೇರಿಸಿ ನಾಲ್ಕಾರು ಚೂರು ತಂದಿಟ್ಟುಕೊಂಡವನು ಹತ್ತು ವರ್ಷದ ಕನಿಷ್ಠ ಸಜೆಯ ಗುಂಪಿಗೆ ಸೇರಿಬಿಡಬಹುದು. ಗಾಂಜಾದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಒಂದು ಅನುಕೂಲವಿದೆ. ಕಾಯಿದೆ ಗಾಂಜಾ ಎನ್ನುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು ಮಾತ್ರ, ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ತೂಕ ಗಡಿಯ ಆಸುಪಾಸಿನಲ್ಲಿರುವ ಪ್ರಕರಣಗಳಲ್ಲಿ ಪಂಚನಾಮೆಯಲ್ಲಿ ಏನನ್ನು ತೂಗಿದ್ದಾರೆಂದು ಓದುವುದಕ್ಕೆ ಮಹತ್ವವಿದೆ. ನಮ್ಮ ಹುಡುಗರ ಹತ್ತಿರ ಸಿಕ್ಕ ಪೊಟ್ಟಣ ನೂರು ಗ್ರಾಮಿನೊಳಗಿನದು, ಹಾಗಾಗಿ ಆ ಚರ್ಚೆ ನಮಗೆ ಬೇಕಾಗಲಿಲ್ಲ.

ಹುಟ್ಟಿದ ದಿನಾಂಕವನ್ನು ಏಕೆ ಕೇಳಿದರೆಂಬುದು ನನಗೆ ಎರಡನೆಯ ಭೇಟಿಯಲ್ಲಿ ತಿಳಿಯಿತು. ಹದಿನೆಂಟು ತುಂಬದವನಾದರೆ ಪ್ರಕರಣವೇ ಬೇರೆ ದಾರಿಯಲ್ಲಿ, 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಇದು ಹಲವರಿಗೆ ಗೊತ್ತು. ಇಪ್ಪತ್ತೊಂದರ ಗಡಿ ಅಷ್ಟಾಗಿ ಗೊತ್ತಿಲ್ಲ. ಸೆರೆಮನೆಯ ಬದಲು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಡುವ 1958ರ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯಿದೆಯ 6ನೆಯ ಕಲಂ ಪ್ರಕಾರ ಇಪ್ಪತ್ತೊಂದು ವರ್ಷದೊಳಗಿನವನು ತಪ್ಪಿತಸ್ಥನೆಂದು ತೀರ್ಮಾನವಾದರೆ, ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿಕೊಂಡು ನೋಡದೆ, ಮತ್ತು ಸಜೆ ಏಕೆ ಅಗತ್ಯವೆಂಬ ಕಾರಣಗಳನ್ನು ಬರೆಯದೆ, ನ್ಯಾಯಾಲಯ ಅವನನ್ನು ಸೆರೆಮನೆಗೆ ಕಳುಹಿಸುವಂತಿಲ್ಲ. ಆ ಕಲಂ ಹೊರಗಿಟ್ಟಿರುವುದು ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಮಾತ್ರ. ಈ ವಯಸ್ಸನ್ನು ಲೆಕ್ಕ ಹಾಕುವುದು ಅಪರಾಧ ನಡೆದ ದಿನಕ್ಕಲ್ಲ. ವಿಚಾರಣಾ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿ ಶಿಕ್ಷೆಯ ಮಾತೆತ್ತುವ ದಿನಕ್ಕೆ ಎಂದು ಸುಪ್ರೀಂ ಕೋರ್ಟು 1960ರ ದಶಕದಲ್ಲೇ ರಾಮಜೀ ಮಿಸ್ಸರ್ ಪ್ರಕರಣದಲ್ಲಿ ಹೇಳಿದೆ. ನಮ್ಮ ಹುಡುಗನಿಗೆ ಆಗ ಇಪ್ಪತ್ತು. ಮುಂಬಯಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ ತಾರೀಖಿನ ಮೇಲೆ ತಾರೀಖು ಬೀಳುವ ವೇಗವನ್ನು ಬಲ್ಲ ಯಾರಿಗಾದರೂ, ಪ್ರಕರಣವನ್ನು ಎಳೆದಷ್ಟೂ ಆರೋಪಿಗೆ ಲಾಭವೆಂಬ ಸಾಮಾನ್ಯ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆಂದು ಅರ್ಥವಾಗುತ್ತದೆ. ಕಚೇರಿಯ ಗುಮಾಸ್ತ ನಮ್ಮ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟದ್ದು ಅವನ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನಾಂಕವನ್ನು. ಇಷ್ಟು ಎಚ್ಚರವಿರುವ ಕಚೇರಿ ಸಿಕ್ಕಿದ್ದು ನಮ್ಮ ಪುಣ್ಯ.

ಇನ್ನು ಕಲಂ. ಇಡೀ ಪ್ರಕರಣದ ಜೀವಾಳ ಇದೇ ಆಗಿತ್ತು. ಎಫ್‌ಐಆರಿನಲ್ಲಿ ನಾಲ್ವರು ಹುಡುಗರ ಮೇಲೂ 20ನೆಯ ಕಲಂ ಮತ್ತು 27ನೆಯ ಕಲಂ ಎರಡನ್ನೂ ಬರೆದಿದ್ದರು. 20 ಗಾಂಜಾವನ್ನು ವಶದಲ್ಲಿಟ್ಟುಕೊಂಡದ್ದಕ್ಕೆ, 27 ಸೇವಿಸಿದ್ದಕ್ಕೆ. ಸೇವನೆಗೆ ಗಾಂಜಾದಂಥ ವಸ್ತುವಿನಲ್ಲಿ ಗರಿಷ್ಠ ಆರು ತಿಂಗಳ ಸಜೆ ಅಥವಾ 10,000 ರೂಪಾಯಿಯವರೆಗೆ ದಂಡ. ಕೊಕೇನ್, ಹೆರಾಯಿನ್ ಮೊದಲಾದವುಗಳಿಗೆ ಒಂದು ವರ್ಷ ಅಥವಾ 20,000. ಆರು ತಿಂಗಳಿಗೂ ಒಂದು ವರ್ಷಕ್ಕೂ ಇರುವ ಅಂತರ ದೊಡ್ಡದಲ್ಲವೆಂದು ನಾನು ಅಂದುಕೊಂಡಿದ್ದೆ. ವಕೀಲರು ಆಗ 33ನೆಯ ಕಲಂ ತೋರಿಸಿದರು. ಎನ್‌ಡಿಪಿಎಸ್ ಕಾಯಿದೆಯಡಿ ತಪ್ಪಿತಸ್ಥರಾದವರಿಗೆ ಪರಿವೀಕ್ಷಣಾ ಕಾಯಿದೆ ಅನ್ವಯಿಸುವುದೇ ಇಲ್ಲ. ಹದಿನೆಂಟರೊಳಗಿನವರಿಗೆ ವಿನಾಯಿತಿಯಿದೆ, ಮತ್ತು 26 ಅಥವಾ 27ನೆಯ ಕಲಮಿನ ಅಪರಾಧವಾದರೆ ವಿನಾಯಿತಿಯಿದೆ. ಅಂದರೆ ಹದಿನೆಂಟು ದಾಟಿದ ಹುಡುಗ ಗಾಂಜಾ ಸೇದಿ ಸಿಕ್ಕಿದರೆ ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಹೊರಬರಬಹುದು. ಅದೇ ಗಾಂಜಾವನ್ನು ಸೇದದೆ ಜೇಬಿನಲ್ಲಿಟ್ಟುಕೊಂಡು ಸಿಕ್ಕಿದರೆ, ಎಷ್ಟೇ ಕಡಿಮೆ ಇರಲಿ, ಆ ಬಾಗಿಲು ಮುಚ್ಚಿದೆ. ಅವನ ಮುಂದಿರುವುದು ದಂಡ ಅಥವಾ ಸಜೆ ಮಾತ್ರ. 2001ರ ತಿದ್ದುಪಡಿಗೆ ಮೊದಲು ಸ್ವಂತ ಸೇವನೆಗೆಂದು ಸ್ವಲ್ಪ ಇಟ್ಟುಕೊಂಡದ್ದೂ 27ರಲ್ಲೇ ಬರುತ್ತಿತ್ತು, ತಿದ್ದುಪಡಿಯ ನಂತರ ಅದು ಸೇವನೆಗೆ ಮಾತ್ರ ಸೀಮಿತವಾಯಿತು. ಶಾಸಕರು ಇದನ್ನು ಉದ್ದೇಶಪೂರ್ವಕವಾಗಿಯೇ ಹೀಗೆ ಮಾಡಿದರೋ, ಒಂದನ್ನು ಸರಿಪಡಿಸುವಾಗ ಇನ್ನೊಂದು ಕೈತಪ್ಪಿತೋ, ನನಗಂತೂ ಇದರಲ್ಲಿ ನ್ಯಾಯ ಕಾಣುವುದಿಲ್ಲ.

ಹೀಗಾಗಿ ವಕೀಲರ ಕೆಲಸವೆಲ್ಲ 20ನೆಯ ಕಲಮನ್ನು ನಮ್ಮ ಹುಡುಗನ ಮೇಲಿಂದ ತೆಗೆಸುವುದರ ಸುತ್ತ ನಡೆಯಿತು. ಮರಾಠಿಯಲ್ಲಿದ್ದ ಪಂಚನಾಮೆಯನ್ನು ಸಾಲುಸಾಲಾಗಿ ಓದಿದ ಅವರು, ಪೊಟ್ಟಣ ಸಿಕ್ಕಿದ್ದು ಬೇರೊಬ್ಬ ಹುಡುಗನ ಕೋಣೆಯ ಕಪಾಟಿನಲ್ಲಿ, ಆ ಕಪಾಟಿನ ಕೀಲಿ ಆ ಹುಡುಗನ ಹತ್ತಿರವೇ ಇತ್ತು ಎಂದು ಪೊಲೀಸರೇ ಬರೆದಿರುವುದನ್ನು ಹೆಕ್ಕಿ ತೆಗೆದರು. ವಶದಲ್ಲಿತ್ತು ಎನ್ನಲು ಅರಿವಿನ ಜೊತೆಗೆ ಹಿಡಿತವೂ ಇರಬೇಕು. ಒಂದೇ ಫ್ಲ್ಯಾಟಿನಲ್ಲಿ ವಾಸವಾಗಿದ್ದದ್ದು ಅದಕ್ಕೆ ಸಾಲದು. ಇಂಥ ಚಿಕ್ಕ ಶಿಕ್ಷೆಯ ಪ್ರಕರಣಗಳಲ್ಲಿ ಆರೋಪದ ಸಾರಾಂಶವನ್ನು ಓದಿ ಹೇಳುವ ಹಂತದಲ್ಲಿಯೇ ಆಧಾರವಿಲ್ಲದ ಆರೋಪದಿಂದ ಬಿಡುಗಡೆ ಮಾಡುವ ಅಧಿಕಾರವನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ, ಕ್ರಿಮಿನಲ್ ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 274ನೆಯ ಕಲಮಿನಲ್ಲಿ ಮ್ಯಾಜಿಸ್ಟ್ರೇಟರಿಗೆ ಸ್ಪಷ್ಟವಾಗಿ ಕೊಟ್ಟಿದೆ. ವಕೀಲರು ಅದನ್ನೇ ಹಿಡಿದು ವಾದಿಸಿದರು. 20 ಬಿದ್ದುಹೋಯಿತು, 27 ಉಳಿಯಿತು. ವೈದ್ಯಕೀಯ ವರದಿ ಸೇವನೆಯನ್ನು ದೃಢಪಡಿಸಿದ್ದರಿಂದ ಅದನ್ನು ನಿರಾಕರಿಸಿ ವರ್ಷಗಟ್ಟಲೆ ನಡೆಸುವುದಕ್ಕಿಂತ, ಹುಟ್ಟುಹಬ್ಬಕ್ಕೆ ಮೊದಲೇ ಒಪ್ಪಿಕೊಂಡು 6ನೆಯ ಕಲಮಿನ ರಕ್ಷಣೆ ಕೇಳುವುದು ಲೇಸೆಂದು ಸಲಹೆ ಕೊಟ್ಟರು. ಪರಿವೀಕ್ಷಣಾಧಿಕಾರಿ ನನ್ನ ಡೊಂಬಿವಲಿಯ ಮನೆಗೂ ಬಂದು ಹುಡುಗನ ಓದು, ಸಹವಾಸ, ಮನೆಯವರ ಪರಿಸ್ಥಿತಿ ಎಲ್ಲವನ್ನೂ ವಿಚಾರಿಸಿ ಹೋದರು. ಒಂದು ವರ್ಷದ ಸನ್ನಡತೆಯ ಮುಚ್ಚಳಿಕೆಯ ಮೇಲೆ ಅವನ ಬಿಡುಗಡೆಯಾಯಿತು.

ಕಬೂಲು ಮಾಡುವುದೆಂದರೆ ಎಲ್ಲವೂ ಒಂದೇ ಎಂದು ಯಾರೂ ತಿಳಿಯಬಾರದು. ಮೊದಲ ತಾರೀಖಿನಂದೇ ನ್ಯಾಯಾಲಯದ ಮೆಟ್ಟಿಲ ಹತ್ತಿರ ಕಪ್ಪು ಕೋಟಿನ ಒಬ್ಬರು ನಮ್ಮನ್ನು ತಡೆದು, ಈ ದಿನವೇ ಗುನ್ಹಾ ಕಬೂಲು ಮಾಡಿಸುತ್ತೇನೆ, ಕೆಲವು ಸಾವಿರ ದಂಡ ಕಟ್ಟಿ ಸಂಜೆಯೊಳಗೆ ಮನೆಗೆ ಹೋಗಿ, ಮುಂದೆ ತಾರೀಖಿನ ರಗಳೆಯೇ ಇಲ್ಲ ಎಂದಿದ್ದರು. ನಮ್ಮ ಭಾವನವರಿಗೆ ಅದು ಬಹಳ ಹಿಡಿಸಿತು. ನಮ್ಮ ವಕೀಲರು ಅದನ್ನು ತಳ್ಳಿಹಾಕದೆ, ಅದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಎರಡೂ ಬದಿಯನ್ನು ಹೇಳಿದ್ದನ್ನು ನಾನು ಈ ಸೇವೆಯ ಅತ್ಯುತ್ತಮ ಭಾಗವೆಂದು ಎಣಿಸುತ್ತೇನೆ. ದಂಡ ಕಟ್ಟಿ ಮುಗಿಸಿದರೆ ಪಾಸ್‌ಪೋರ್ಟಿಗೆ ಅಡ್ಡಿಯಿಲ್ಲ, ಏಕೆಂದರೆ ಪಾಸ್‌ಪೋರ್ಟ್ ಕಾಯಿದೆ ಶಿಕ್ಷೆಯ ಕಾರಣಕ್ಕೆ ತಡೆಯುವುದು ಎರಡು ವರ್ಷ ಅಥವಾ ಹೆಚ್ಚಿನ ಸಜೆಯಾದವರನ್ನು, ಅದೂ ಅರ್ಜಿಯ ಹಿಂದಿನ ಐದು ವರ್ಷಗಳೊಳಗೆ ಆಗಿದ್ದರೆ. ಬದಲಿಗೆ ಪ್ರಕರಣ ಬಾಕಿಯಿದ್ದಷ್ಟು ಕಾಲವೂ ನ್ಯಾಯಾಲಯದ ಅನುಮತಿಯಿಲ್ಲದೆ ಪಾಸ್‌ಪೋರ್ಟ್ ಸಿಗುವುದು ಕಷ್ಟ. ಇದು ಕಬೂಲಿನ ಲಾಭ. ನಷ್ಟವೆಂದರೆ, ದಂಡವೆಷ್ಟೇ ಚಿಕ್ಕದಿರಲಿ ಅದು ದೋಷನಿರ್ಣಯವೇ, ಅಂದರೆ ತಪ್ಪಿತಸ್ಥನೆಂಬ ತೀರ್ಮಾನವೇ. ಮುಂದೆಂದಾದರೂ ಇದೇ ಬಗೆಯ ಅಪರಾಧದಲ್ಲಿ ಸಿಕ್ಕಿದರೆ ಮಾದಕವಸ್ತು ಕಾಯಿದೆಯ 31ನೆಯ ಕಲಂ ಪ್ರಕಾರ ಗರಿಷ್ಠ ಶಿಕ್ಷೆ ಒಂದೂವರೆ ಪಟ್ಟು ಆಗುತ್ತದೆ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಅದನ್ನು ಬರೆಯಲೇಬೇಕು. ಅಮೆರಿಕದ ವಲಸೆ ಕಾಯಿದೆಯಲ್ಲಿ ಮಾದಕವಸ್ತುವಿನ ದೋಷನಿರ್ಣಯ ಪ್ರವೇಶ ನಿರಾಕರಣೆಗೆ ಒಂದು ಕಾರಣ.

ಪರಿವೀಕ್ಷಣೆಯ ಬಿಡುಗಡೆಯಲ್ಲೂ ದೋಷನಿರ್ಣಯ ಅಳಿಸಿಹೋಗುವುದಿಲ್ಲ. ಆದರೆ ಆ ಕಾಯಿದೆಯ 12ನೆಯ ಕಲಂ ಪ್ರಕಾರ ದೋಷನಿರ್ಣಯಕ್ಕೆ ಅಂಟಿಕೊಂಡು ಬರುವ ಅನರ್ಹತೆ ಅವನಿಗೆ ತಟ್ಟುವುದಿಲ್ಲ. ಬರಿಯ ದಂಡ ಕಟ್ಟಿದವನಿಗೆ ಈ ಕವಚವಿಲ್ಲ. ಸಂಜೆಯೊಳಗೆ ಮುಗಿಯುವ ದಾರಿ ಅಗ್ಗವೆಂದು ಕಾಣುತ್ತದೆ, ಕೊನೆಗೆ ಅದೇ ತುಟ್ಟಿ. ಇದರ ಜೊತೆಗೆ ಕಿರಿಯ ವಕೀಲೆಯೊಬ್ಬರು ಹುಡುಗನನ್ನು ಕೂರಿಸಿಕೊಂಡು, ಕೆಲಸದ ಅರ್ಜಿಯಲ್ಲಿ ಹಿಂದಿನ ಪ್ರಕರಣವನ್ನು ಕೇಳಿದ್ದರೆ ಯಾವ ಕಾರಣಕ್ಕೂ ಮುಚ್ಚಿಡಬಾರದು ಎಂದು ತಿಳಿಹೇಳಿದರು. ಸುಪ್ರೀಂ ಕೋರ್ಟು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ, ಎಳೆವಯಸ್ಸಿನ ಕ್ಷುಲ್ಲಕ ಅಪರಾಧವನ್ನು ನೇಮಕಾಧಿಕಾರಿ ಮನ್ನಿಸಬಹುದೆಂದು ಹೇಳಿದ್ದರೂ, ಮುಚ್ಚಿಟ್ಟದ್ದೇ ಕೆಲಸ ಕಳೆದುಕೊಳ್ಳಲು ಕಾರಣವಾಗಬಲ್ಲದು.

ಜಾಮೀನಿನ ಕೆಲಸವನ್ನು ಚೊಕ್ಕವಾಗಿ ಮಾಡಿದರು. ಸಣ್ಣ ಪ್ರಮಾಣವಾದರೆ ಠಾಣೆಯಲ್ಲೇ ಬಿಡುತ್ತಾರೆಂದು ನಮಗೆ ಯಾರೋ ಹೇಳಿದ್ದರು. 2010ರ ಒಂದು ತೀರ್ಪಿನಲ್ಲಿ ಬಾಂಬೆ ಹೈಕೋರ್ಟು ಸಣ್ಣ ಪ್ರಮಾಣವನ್ನು ಜಾಮೀನೀಯವೆಂದು ಕರೆದದ್ದು ನಿಜವಾದರೂ, 2020ರ ಅಕ್ಟೋಬರಿನಲ್ಲಿ ಒಬ್ಬ ಚಿತ್ರನಟಿಯ ಜಾಮೀನು ಆದೇಶದಲ್ಲಿ ಅದೇ ನ್ಯಾಯಾಲಯ, ಈ ಕಾಯಿದೆಯ ಅಪರಾಧಗಳೆಲ್ಲವೂ ಜಾಮೀನುರಹಿತವೆಂದು ಹೇಳಿತು. ಹಾಗಾಗಿ ಹುಡುಗರನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕಾಯಿತು. ಆದರೆ ವಾಣಿಜ್ಯ ಪ್ರಮಾಣಕ್ಕೆ 37ನೆಯ ಕಲಂ ಹಾಕುವ ಕಟ್ಟುನಿಟ್ಟು ಸಣ್ಣ ಪ್ರಮಾಣಕ್ಕೆ ಇಲ್ಲದ್ದರಿಂದ ಅಲ್ಲಿ ತಡವಾಗಲಿಲ್ಲ. ಮೊದಲು ನಗದು ಜಾಮೀನು ಕಟ್ಟಿಸಿ ಬಿಡಿಸಿ, ಸ್ಥಳೀಯ ಜಾಮೀನುದಾರನನ್ನು ಒದಗಿಸಲು ಸಮಯ ಕೇಳಿಕೊಂಡರು. ಊರಿನಿಂದ ಓಡಿಬಂದ ತಂದೆತಾಯಿಗಳಿಗೆ ಮುಂಬಯಿಯಲ್ಲಿ ಜಾಮೀನುದಾರ ಸಿಗುವುದೇ ದೊಡ್ಡ ತೊಡಕು. ನನ್ನ ರೇಷನ್ ಕಾರ್ಡು, ಪಗಾರಿನ ಚೀಟಿ, ಮನೆಯ ತೆರಿಗೆಯ ರಸೀದಿ ಎಲ್ಲವನ್ನೂ ಮೊದಲೇ ತರಿಸಿಟ್ಟಿದ್ದರಿಂದ ಅಲೆದಾಟ ಉಳಿಯಿತು. ಹೊಸ ಸಂಹಿತೆಯ 479ನೆಯ ಕಲಂ, ಹಿಂದೆಂದೂ ಶಿಕ್ಷೆಯಾಗದವನು ಗರಿಷ್ಠ ಸಜೆಯ ಮೂರನೆಯ ಒಂದು ಭಾಗದಷ್ಟು ಕಾಲ ವಿಚಾರಣಾಧೀನನಾಗಿ ಒಳಗಿದ್ದರೆ ಬಿಡಬೇಕೆಂದು ಹೇಳುವುದನ್ನೂ ತಿಳಿಸಿದರು, ಒಂದಕ್ಕಿಂತ ಹೆಚ್ಚು ಅಪರಾಧಗಳು ಬಾಕಿಯಿದ್ದರೆ ಈ ಅನುಕೂಲ ಸಿಗದೆಂಬ ಅದೇ ಕಲಮಿನ ಇನ್ನೊಂದು ಮಾತನ್ನೂ ಮರೆಮಾಚಲಿಲ್ಲ.

ಇನ್ನು ದೂರುಗಳು. ದೊಡ್ಡ ದೂರು ಚಿಕಿತ್ಸೆಯ ದಾರಿಯ ಬಗ್ಗೆ ಈ ಕಚೇರಿಗಿರುವ ಅಸಡ್ಡೆ. ನಿಜವಾಗಿ ಚಟಕ್ಕೆ ಬಿದ್ದವನಿಗೆ ಈ ಕಾಯಿದೆಯಲ್ಲಿ ಎರಡು ದಾರಿಗಳಿವೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಯ ಆಸ್ಪತ್ರೆಯಲ್ಲೋ ಅವರ ಮಾನ್ಯತೆ ಪಡೆದ ಕೇಂದ್ರದಲ್ಲೋ ವ್ಯಸನಮುಕ್ತಿ ಚಿಕಿತ್ಸೆ ಪಡೆದರೆ, 64ಎ ಕಲಂ ಪ್ರಕಾರ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಮಾತ್ರ ಆ ರಕ್ಷಣೆಯನ್ನು ಹಿಂದೆಗೆದುಕೊಳ್ಳಬಹುದು. ತಪ್ಪಿತಸ್ಥನೆಂದು ತೀರ್ಮಾನವಾದ ಮೇಲೂ, 39ನೆಯ ಕಲಂ ಪ್ರಕಾರ, ಶಿಕ್ಷೆ ವಿಧಿಸುವ ಬದಲು ಅವನ ಒಪ್ಪಿಗೆ ಪಡೆದು ಚಿಕಿತ್ಸೆಗೆ ಕಳುಹಿಸಿ, ಒಂದು ವರ್ಷದೊಳಗೆ ಅದರ ಫಲಿತಾಂಶದ ವರದಿ ನೋಡಿ, ಮೂರು ವರ್ಷ ಮೀರದ ಅವಧಿಗೆ ಮುಚ್ಚಳಿಕೆ ಬರೆಸಿಕೊಂಡು ಬಿಡಲು ನ್ಯಾಯಾಲಯಕ್ಕೆ ಅಧಿಕಾರವಿದೆ. 33ನೆಯ ಕಲಂ ಮುಚ್ಚಿದ ಬಾಗಿಲು 20ರ ಸಣ್ಣ ಪ್ರಮಾಣದವರಿಗೂ ಇಲ್ಲಿ ತೆರೆಯುತ್ತದೆಂಬುದು ಇದರ ವಿಶೇಷ. ಇದನ್ನು ನಾನೇ ಎಲ್ಲೋ ಓದಿ ಕೇಳುವವರೆಗೆ ಕಚೇರಿಯಲ್ಲಿ ಯಾರೂ ಬಾಯಿಬಿಡಲಿಲ್ಲ. ಕೇಳಿದ ಮೇಲೆ ಒಬ್ಬ ಸಹಾಯಕ ವಕೀಲರು, ಬೇಕಾದರೆ ಚಟವಿದೆಯೆಂದು ಯಾವುದಾದರೂ ಕೇಂದ್ರದಿಂದ ಬರೆಸಿಕೊಂಡು ಬನ್ನಿ ಎಂದು ತೀರ ಹಗುರವಾಗಿ ಹೇಳಿದರು. ವ್ಯಸನಿಯೆಂದರೆ ವಸ್ತುವಿಗೆ ಅವಲಂಬಿತನಾದವನೆಂದು ಕಾಯಿದೆಯೇ ಹೇಳುತ್ತದೆ. ಹಾಸ್ಟೆಲು, ಫ್ಲ್ಯಾಟಿನ ಸಹವಾಸದಲ್ಲಿ ಆಗೊಮ್ಮೆ ಈಗೊಮ್ಮೆ ಸೇದಿದ ಹುಡುಗನನ್ನು ಸುಳ್ಳು ಕಾಗದದಲ್ಲಿ ವ್ಯಸನಿಯನ್ನಾಗಿಸುವುದು ನ್ಯಾಯಾಲಯಕ್ಕೂ ಹುಡುಗನಿಗೂ ಮಾಡುವ ಮೋಸ. ಹಿರಿಯರು ಅದನ್ನು ಕೂಡಲೇ ಅಲ್ಲಗಳೆದರು ನಿಜ, ಆದರೂ ಹೀಗೆ ಮಾತಾಡುವವರು ಅಲ್ಲಿದ್ದಾರೆ.

ನಿಜವಾಗಿ ಚಟವಿರುವ ಮಕ್ಕಳ ಮನೆಯವರು ವಕೀಲರಿಗಾಗಿ ಕಾಯದೆ ಮೊದಲು ವೈದ್ಯರ ಹತ್ತಿರ ಹೋಗುವುದೇ ಸರಿ. ಪರೇಲಿನ ಕೆಇಎಂ ಆಸ್ಪತ್ರೆಯ ಮನೋರೋಗ ವಿಭಾಗವಿದೆ, ಪುಣೆಯಲ್ಲಿ 1986ರಿಂದ ನಡೆಯುತ್ತಿರುವ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರವಿದೆ, 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯೂ ಇದೆ. ಯಾವ ಕೇಂದ್ರಕ್ಕೆ ಹೋದರೂ ಅದಕ್ಕೆ ಮಾನ್ಯತೆ ಇದೆಯೇ ಎಂದು ಮೊದಲೇ ಕೇಳಿ ತಿಳಿದುಕೊಂಡರೆ ಆ ಕಾಗದ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಎರಡನೆಯ ದೂರು ಹಣದ್ದು. ಒಟ್ಟು ಶುಲ್ಕವನ್ನು ಬಾಯಿಮಾತಿನಲ್ಲಿ ಹೇಳಿದರೇ ಹೊರತು ಬರೆದುಕೊಡಲಿಲ್ಲ. ಕಿರಿಯರು ಹಾಜರಾದ ತಾರೀಖುಗಳಿಗೆ ಪ್ರತ್ಯೇಕ ಹಣ ಕೊಡಬೇಕೆಂಬುದು ಮೊದಲ ಬಿಲ್ಲು ಕೈಗೆ ಬಂದಾಗ ತಿಳಿಯಿತು. ನಡುವೆ ಒಮ್ಮೆ ಇಡೀ ಪ್ರಕರಣವನ್ನು ಹೈಕೋರ್ಟಿನಲ್ಲಿ ರದ್ದುಪಡಿಸಲು ಅರ್ಜಿ ಹಾಕೋಣವೆಂದು ಒತ್ತಾಯಿಸಿದರು. ವೈದ್ಯಕೀಯ ವರದಿ ಸೇವನೆಯನ್ನು ತೋರಿಸುತ್ತಿರುವಾಗ ಅದು ಹೇಗೆ ನಿಲ್ಲುತ್ತದೆಂದು ಕೇಳಿದ್ದಕ್ಕೆ ಸಮಾಧಾನಕರ ಉತ್ತರ ಬರಲಿಲ್ಲ, ಶುಲ್ಕದ ಮೊತ್ತ ಮಾತ್ರ ಕೂಡಲೇ ಬಂತು. ನಾವು ಒಪ್ಪಲಿಲ್ಲ, ಅವರೂ ಮತ್ತೆ ಎತ್ತಲಿಲ್ಲ. ಹೇಳಿದ ವೇಳೆಗೆ ಹಿರಿಯರು ಸಿಕ್ಕಿದ್ದು ಅಪರೂಪ. ನ್ಯಾಯಾಲಯದ ಕೆಲಸ ಹಾಗೆಯೇ ಇರುತ್ತದಾದ್ದರಿಂದ ಅದನ್ನು ದೂರಾಗಿ ಬರೆಯುವುದಿಲ್ಲ.

ಭಾಷೆಯ ವಿಷಯದಲ್ಲಿ ನಮಗೆ ಅದೃಷ್ಟವಿತ್ತು. ಮೇಲೆ ಹೇಳಿದ ಕಿರಿಯ ವಕೀಲೆ ಮೂಲ್ಕಿ ಕಡೆಯ ಮನೆತನದವರು, ಮುಲುಂಡಿನಲ್ಲಿ ಬೆಳೆದವರು. ಅಕ್ಕನಿಗೆ ಪ್ರತಿ ತಾರೀಖಿನ ಸಂಜೆ ಫೋನ್ ಮಾಡಿ, "ಅಮ್ಮಾ, ಇವತ್ತು ಇಷ್ಟು ನಡೆಯಿತು, ಮುಂದಿನದು ಇಂಥ ದಿನ" ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ಅವರಿಗೆ ಅದು ಕಚೇರಿ ವಹಿಸಿದ ಕೆಲಸವಾಗಿರಲಿಲ್ಲ. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿರುವುದನ್ನು ಅವರಿಂದಲೇ ತಿಳಿದೆ. ಮರಾಠಿ ಓದಲು ಬಾರದ ನಮ್ಮ ಕಡೆಯ ಹುಡುಗರು ಓದದೆ ಸಹಿ ಹಾಕುವ ಕಾಗದಗಳ ರಾಶಿಯನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು.

ಹಣವಿಲ್ಲದವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಂ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟಿದ್ದರೂ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿದರೆ ದಾರಿ ತೋರಿಸುತ್ತಾರೆ. ಖಾಸಗಿ ಕಚೇರಿಗಳು ಇದನ್ನು ತಾವಾಗಿ ಹೇಳುವುದಿಲ್ಲ, ನಮ್ಮ ಕಚೇರಿಯೂ ಹೇಳಲಿಲ್ಲ. ನಮ್ಮ ಹುಡುಗನ ಜೊತೆ ಸಿಕ್ಕಿದ್ದ ಒಬ್ಬ ಹುಡುಗನಿಗೆ ಈ ರೀತಿ ನೇಮಕವಾದ ವಕೀಲರು 20ನೆಯ ಕಲಮನ್ನು ಪ್ರಶ್ನಿಸಿದ ರೀತಿ ನಮ್ಮ ಹಿರಿಯರ ವಾದಕ್ಕಿಂತ ಏನೂ ಕಡಿಮೆಯಿರಲಿಲ್ಲ.

ಸಣ್ಣ ಪ್ರಮಾಣದ, ಮೊದಲ ಸಲದ, ಮ್ಯಾಜಿಸ್ಟ್ರೇಟರ ಮುಂದಿನ ಪ್ರಕರಣಕ್ಕೆ ನಾನು ಈ ಕಚೇರಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಳೆದ ಒಂದು ಅಂಕ ಚಿಕಿತ್ಸೆಯ ದಾರಿಯನ್ನು ಮರೆತದ್ದಕ್ಕೆ ಮತ್ತು ಬರೆದುಕೊಡದ ಶುಲ್ಕಕ್ಕೆ. ವಾಣಿಜ್ಯ ಪ್ರಮಾಣದ ಪ್ರಕರಣವಾದರೆ, ಅಂದರೆ ವಿಶೇಷ ನ್ಯಾಯಾಲಯ, 180 ದಿನಗಳ ತನಿಖೆ, ಕನಿಷ್ಠ ಹತ್ತು ವರ್ಷದ ಸಜೆಯ ಭಯ ಇರುವಲ್ಲಿ, ಅಂಥ ಪ್ರಕರಣಗಳನ್ನೇ ನಡೆಸಿ ಪಳಗಿದವರನ್ನು ಹುಡುಕಬೇಕು. ಯಾರ ಹತ್ತಿರ ಹೋದರೂ ಎಫ್‌ಐಆರ್, ಪಂಚನಾಮೆಯ ಪ್ರತಿ, ಹುಟ್ಟಿದ ದಿನಾಂಕದ ದಾಖಲೆ ಮತ್ತು ಜಾಮೀನುದಾರನ ಕಾಗದಗಳನ್ನು ಮೊದಲ ಭೇಟಿಗೇ ತೆಗೆದುಕೊಂಡು ಹೋಗಿ. ಶುಲ್ಕವನ್ನು, ಕಿರಿಯರ ಹಾಜರಿಯ ಹಣವನ್ನೂ ಸೇರಿಸಿ, ಬರೆಸಿಕೊಂಡೇ ವಕಾಲತ್ತಿಗೆ ಸಹಿ ಮಾಡಿ.